ಗೋಣಿಯಲ್ಲಿ ಮೂಡಿದ ಎರಡನೇ ಗೆರೆ

ಬೆಳಗಿನ ಮಂಡ್ಯದ ಬಸ್ಸು ಕೆರಗೋಡಿನಲ್ಲಿ ಅರ್ಪಿತಳಿಗಾಗಿ ಒಂದೆರಡು ನಿಮಿಷ ಕಾಯುತ್ತದೆ. ಗೌರವದಿಂದ ಕಾಯುತ್ತಾರೆ ಎಂದು ಯಾರಾದರೂ ತಿಳಿದುಕೊಂಡರೆ ಅವರ ಹಣೆಬರಹ. ಹಿಂದೊಮ್ಮೆ ಆಕೆ ಓಡಿ ಬರುವುದನ್ನು ಕಂಡೂ ರೈಟ್ ಹೇಳಿದ ಕಂಡಕ್ಟರನಿಗೆ ಮಾರನೆಯ ದಿನ ತುಂಬಿದ ಬಸ್ಸಿನಲ್ಲೇ ಬೆವರಿಳಿಸಿದ್ದಳು. ಅಂದಿನಿಂದ ಆತ ಅವಳ ಕೆಂಪು ಬ್ಯಾಗು ಕಂಡರೆ ಸೀಟಿ ಊದುವುದನ್ನೇ ಮರೆಯುತ್ತಾನೆ. ಕೋಪ ಅವಳಿಗೆ ಮೂಗಿನ ತುದಿಯಲ್ಲೇ ಇರುತ್ತದೆ, ಅದನ್ನು ಮುಚ್ಚಿಟ್ಟು ಅವಳ ಕತೆ ಹೇಳಿದರೆ ಊರಿನವರು ನಗುತ್ತಾರೆ.

ಹುಟ್ಟಿದ್ದು ಮದ್ದೂರು ತಾಲ್ಲೂಕಿನ ಆತಗೂರಿನ ಕಡೆ, ಭತ್ತ ಕಬ್ಬು ಬೆಳೆಯುವ ಮನೆಯಲ್ಲಿ. ಸಸ್ಯಶಾಸ್ತ್ರದಲ್ಲಿ ಎಂ.ಎಸ್ಸಿ. ಮುಗಿಸಿದ ವರ್ಷವೇ ಕೆರಗೋಡಿನ ಅಪ್ಪುವಿನ ಜೊತೆ ಮದುವೆಯಾಯಿತು. ಅಪ್ಪು ಸ್ವಂತ ಗದ್ದೆ ನೋಡಿಕೊಂಡು, ಟ್ರ್ಯಾಕ್ಟರಿನಲ್ಲಿ ಹತ್ತಾರು ಜನರ ಹೊಲಗದ್ದೆ ಉತ್ತುಕೊಡುವ ಮನುಷ್ಯ, ಮಾತು ಕಡಿಮೆ. ಮಾತೆಲ್ಲ ಅವನ ತಾಯಿ ಮುದ್ದಮ್ಮನ ಪಾಲಿಗೆ ಹೋಗಿಬಿಟ್ಟಿತ್ತು. ಹೊಸ ಸೊಸೆ ಮಂಡ್ಯದ ಒಂದು ಸಂಶೋಧನಾ ಸಂಸ್ಥೆಯಲ್ಲಿ ಪಿಎಚ್.ಡಿ.ಗೆ ಸೇರುತ್ತೇನೆ ಎಂದಾಗ ನೆಂಟರು ಒಬ್ಬೊಬ್ಬರಾಗಿ ಬಂದು ಬುದ್ಧಿ ಹೇಳಿದರು. ಮುದ್ದಮ್ಮ ಎಲ್ಲರಿಗೂ ಕಾಫಿ ಕೊಟ್ಟು, ಎಲ್ಲರ ಮಾತನ್ನೂ ಕೇಳಿಸಿಕೊಂಡು, ಕೊನೆಗೆ ಒಂದೇ ಮಾತು ಹೇಳಿದಳು.

"ನಮ್ಮನೆ ಸೊಸೆ ಓದುದ್ರೆ ನಿಮ್ಮನೆ ದೀಪ ಆರೋಯ್ತದಾ?"

ಅಲ್ಲಿಗೆ ಆ ಪಂಚಾಯ್ತಿ ಮುಗಿಯಿತು. ಹಾಗೆಂದು ಅತ್ತೆ ಸೊಸೆ ಹಾಲು ಸಕ್ಕರೆಯಂತೆ ಇದ್ದರು ಎಂದಲ್ಲ. ಇಬ್ಬರ ಬಾಯಿಯೂ ಜೋರು. ಸೊಪ್ಪು ಸೋಸುವುದರಿಂದ ಹಿಡಿದು ಹಸುವಿಗೆ ಬೂಸ ಕಲಸುವವರೆಗೆ ಅರ್ಪಿತ ಮಾಡಿದ ಯಾವ ಕೆಲಸವೂ ಮುದ್ದಮ್ಮನ ಕಣ್ಣಿಗೆ ನೆಟ್ಟಗೆ ಕಂಡದ್ದಿಲ್ಲ. ಇವಳೂ ಸುಮ್ಮನಿರುವ ಪೈಕಿಯಲ್ಲ. ಮನೆಯಲ್ಲಿ ಮಾತು ಏರಿದರೆ ಅಪ್ಪು ಟ್ರ್ಯಾಕ್ಟರಿಗೆ ಡೀಸೆಲ್ ಹಾಕಿಸುವ ನೆಪ ಹೇಳಿ ಜಾಗ ಖಾಲಿ ಮಾಡುತ್ತಿದ್ದ.

ಮಂಡ್ಯದಲ್ಲಿ ಅವಳು ಓದುವುದೇನು ಎಂದು ಊರಿನವರು ಕೇಳುತ್ತಿದ್ದರು. ಅರ್ಪಿತ ಬೇಸರವಿಲ್ಲದೆ ಹೇಳುತ್ತಿದ್ದಳು. ಭತ್ತದ ಕಾಳಿನೊಳಗೆ ಮುಂದಿನ ಪೈರಿಗೆಂದು ಪ್ರೋಟೀನು ಕೂಡಿಟ್ಟಿರುತ್ತದೆ. ನೀರು ಬಿದ್ದು ಮೊಳಕೆ ಕಣ್ಣು ಬಿಟ್ಟಾಗ ಆ ಪ್ರೋಟೀನನ್ನು ಹಾಗೇ ನುಂಗಲು ಅದಕ್ಕೆ ಆಗುವುದಿಲ್ಲ, ಸಣ್ಣಗೆ ಕತ್ತರಿಸಿ ಉಣಿಸಬೇಕು. ಕತ್ತರಿಸುವ ಕಿಣ್ವದ ಹೆಸರು ಪ್ರೋಟಿಯೇಸ್. ಅದನ್ನು ಹೇಗೆ ಮಾಡಬೇಕು ಎಂಬುದು ಗಿಡದ ಜೀನಿನಲ್ಲಿದೆ. ಗಿಡ ಆ ಜೀನಿನ ಒಂದು ಪ್ರತಿ ತೆಗೆದು, ನಡುನಡುವೆ ಬೇಡದ ತುಂಡುಗಳನ್ನು ಕತ್ತರಿಸಿ ಬಿಸಾಕಿ, ಉಳಿದದ್ದನ್ನು ಜೋಡಿಸಿಕೊಂಡು ಕೆಲಸಕ್ಕೆ ಬಳಸುತ್ತದೆ. ಕೆಲವೊಮ್ಮೆ ಬಿಸಾಕಬೇಕಾದ ತುಂಡೊಂದನ್ನು ಬಿಸಾಕದೆ ಉಳಿಸಿಕೊಳ್ಳುತ್ತದೆ. ಆಗ ಅದೇ ಜೀನಿನಿಂದ ಬೇರೆಯದೇ ಒಂದು ಪ್ರೋಟೀನು ಹುಟ್ಟಬಹುದು. ಗಿಡ ಯಾವಾಗ ಹೀಗೆ ಮಾಡುತ್ತದೆ, ಯಾಕೆ ಮಾಡುತ್ತದೆ, ಇದೇ ಅವಳ ಓದು.

ಇದನ್ನು ಕೇಳಿಸಿಕೊಂಡ ಮುದ್ದಮ್ಮ ಪಕ್ಕದ ಮನೆಯ ಹೊಂಬಾಳಮ್ಮನಿಗೆ ವಿವರಿಸುವಾಗ, ಒಂದೇ ಹಿಟ್ಟಿನಲ್ಲಿ ಇಡ್ಲಿಯೂ ಆಗುತ್ತದೆ ದೋಸೆಯೂ ಆಗುತ್ತದೆ, ಅಂಥದ್ದೇ ಏನೋ, ನನ್ನ ಸೊಸೆ ಅದನ್ನು ಕಂಡುಹಿಡಿಯುತ್ತಿದ್ದಾಳೆ ಎಂದಳು. ಅದು ಪೂರ್ತಿ ಸರಿಯಲ್ಲ. ಆದರೆ ಆ ಹೊತ್ತಿನಲ್ಲಿ ಅತ್ತೆಯ ಮುಖದಲ್ಲಿದ್ದ ಜಂಬ ನೋಡಿ ಅರ್ಪಿತಳಿಗೆ ತಿದ್ದುವ ಮನಸ್ಸು ಬರಲಿಲ್ಲ.

ಪುಷ್ಯ ಮಾಸದ ಚಳಿಯಲ್ಲಿ ಎರಡನೇ ಗೆರೆಯ ಕತೆ ಶುರುವಾಯಿತು. ಪ್ರಯೋಗಾಲಯದಲ್ಲಿ ಕಾಳು ಮೊಳಕೆ ಬರಿಸುವ ಪೆಟ್ಟಿಗೆ ಕೆಟ್ಟು ಕೂತಿತ್ತು. ರಿಪೇರಿಯವನು ಇವತ್ತು ನಾಳೆ ಎನ್ನುತ್ತಿದ್ದ. ಅವಳ ಮಾರ್ಗದರ್ಶಕರು ಡಾಕ್ಟರ್ ಮಧುಕರ, ಮಂಡ್ಯ ಪೇಟೆಯವರು, ಶಿಸ್ತಿನ ಮನುಷ್ಯ. ಸೋಮವಾರಕ್ಕೆ ಮೊಳಕೆ ಬೇಕೇ ಬೇಕು ಎಂದರು. ಅರ್ಪಿತ ಬಿತ್ತನೆ ಕಾಳನ್ನು ಬ್ಯಾಗಿಗೆ ಹಾಕಿಕೊಂಡು ಮನೆಗೆ ತಂದಳು. ನೆನೆಹಾಕಿ, ನೀರು ಸೋಸಿ, ಒದ್ದೆ ಗೋಣಿಚೀಲದಲ್ಲಿ ಕಟ್ಟಿ, ಮೇಲೆ ಹುಲ್ಲು ಹೊದಿಸಿ, ಹುಲ್ಲಿನ ಮೇಲೆ ಕಲ್ಲು ಹೇರಿದಳು. ಚಳಿಗಾಲವಾದ್ದರಿಂದ ಆಗಾಗ ಉಗುರು ಬೆಚ್ಚಗಿನ ನೀರು ಚಿಮುಕಿಸಿದಳು. ಸಸಿಮಡಿಗೆ ಭತ್ತ ಚೆಲ್ಲುವ ಮುಂಚೆ ನಮ್ಮ ಕಡೆ ಎಲ್ಲ ಮನೆಯಲ್ಲೂ ಮಾಡುವುದೇ ಹೀಗೆ. ಗಂಟು ಸಡಿಲವಾಯಿತು, ಹುಲ್ಲು ತೆಳುವಾಯಿತು, ನೀರು ಜಾಸ್ತಿಯಾಯಿತು ಎಂದು ಮುದ್ದಮ್ಮ ಉದ್ದಕ್ಕೂ ಗೊಣಗಿದಳು.

ಸೋಮವಾರ ಮೊಳಕೆಯನ್ನು ಮಂಜುಗಡ್ಡೆಯ ಡಬ್ಬಿಯಲ್ಲಿಟ್ಟು ಒಯ್ದಳು. ಅರೆದು, ಅದರಲ್ಲಿದ್ದ ಜೀನಿನ ಪ್ರತಿಗಳನ್ನು ಬೇರ್ಪಡಿಸಿ, ಉದ್ದ ಗಿಡ್ಡ ಪ್ರತಿಗಳು ಬೇರೆ ಬೇರೆ ಗೆರೆಯಾಗಿ ನಿಲ್ಲುವ ಲೋಳೆಯಂಥ ಜೆಲ್ಲಿಯಲ್ಲಿ ವಿದ್ಯುತ್ ಹಾಯಿಸಿ ಓಡಿಸಿ, ನೇರಳೆ ಬೆಳಕಿನಲ್ಲಿ ಹಿಡಿದು ನೋಡಿದಳು. ತುಂಡು ಬಿಸಾಕಿದ ಪ್ರತಿ ಒಂದು ಗೆರೆಯಾಗಿ ಕಾಣಬೇಕಿತ್ತು, ಕಂಡಿತು. ಅದರ ಮೇಲೆ ಇನ್ನೊಂದು ಗೆರೆಯೂ ಇತ್ತು. ತುಂಡು ಉಳಿಸಿಕೊಂಡ, ಉದ್ದನೆಯ ಪ್ರತಿ. ಈ ಜೀನಿನಲ್ಲಿ ಅದನ್ನು ಆವರೆಗೆ ಯಾರೂ ಕಂಡ ದಾಖಲೆ ಅವಳಿಗೆ ಸಿಕ್ಕಿರಲಿಲ್ಲ. ಎಂದೂ ಹೊಗಳದ ಮಧುಕರ ಆ ದಿನ ಇಡೀ ಪ್ರಯೋಗಾಲಯಕ್ಕೆ ಕಾಫಿ ತರಿಸಿದರು. ಅರ್ಪಿತ ಬಸ್ಸಿನಲ್ಲಿ ಕೆರಗೋಡಿನವರೆಗೂ ತನ್ನಷ್ಟಕ್ಕೆ ತಾನು ನಗುತ್ತ ಬಂದಳು, ಕಂಡಕ್ಟರನಿಗೆ ಅದೇ ಹೆಚ್ಚು ಭಯವಾಯಿತು.

ಆ ಎರಡನೇ ಗೆರೆಯ ಮೇಲೆಯೇ ಅವಳು ತನ್ನ ಪ್ರಬಂಧ ಕಟ್ಟಿದಳು. ಆದರೆ ಒಬ್ಬರು ಕಂಡದ್ದನ್ನು ಇನ್ನೊಬ್ಬರೂ ಕಾಣಬೇಕು, ವಿಜ್ಞಾನದ ಕಟ್ಟಳೆಯೇ ಹಾಗೆ. ಆ ಕೆಲಸ ವಂಶಿಗೆ ಬಂತು. ವಂಶಿ ಅವಳಿಗಿಂತ ಕಿರಿಯ ಸಂಶೋಧಕ, ಮೆತ್ತಗಿನ ಸ್ವಭಾವ, ಮಾಡುವ ಕೆಲಸ ಅಚ್ಚುಕಟ್ಟು. ಅಷ್ಟು ಹೊತ್ತಿಗೆ ಪೆಟ್ಟಿಗೆ ರಿಪೇರಿಯಾಗಿತ್ತು. ಅವನು ಗಾಜಿನ ತಟ್ಟೆಯಲ್ಲಿ ಒದ್ದೆ ಕಾಗದದ ಮೇಲೆ ಅದೇ ಕಾಳು ಹರಡಿ, ಪೆಟ್ಟಿಗೆಯೊಳಗಿಟ್ಟು ಮೊಳಕೆ ಬರಿಸಿ ನೋಡಿದ. ಒಂದೇ ಗೆರೆ. ಮತ್ತೆ ನೋಡಿದ, ಮತ್ತೆ ಒಂದೇ ಗೆರೆ.

ಮಧುಕರ ಅರ್ಪಿತಳನ್ನು ಕೋಣೆಗೆ ಕರೆದರು. ಗಿಡದ ಮೂಲ ಜೀನಿನಲ್ಲಿ ಆ ಬೇಡದ ತುಂಡು ಇದ್ದೇ ಇರುತ್ತದೆ, ಅದರ ಒಂದು ಕಣ ಮಾದರಿಯಲ್ಲಿ ಉಳಿದು ಬೆರೆತಿದ್ದರೂ ಇಂಥದ್ದೇ ಉದ್ದನೆಯ ಗೆರೆ ಕಾಣುತ್ತದೆ. ಇದು ಅವಳಿಗೂ ಗೊತ್ತು. ಬೆರಕೆ ಇಲ್ಲವೆಂದು ಅವಳು ಆಗಲೇ ಪರೀಕ್ಷೆ ಮಾಡಿ ತೋರಿಸಿಯೂ ಇದ್ದಳು. ಆದರೆ ಆ ಮಾದರಿ ಮುಗಿದುಹೋಗಿತ್ತು, ಮತ್ತೆ ಪರೀಕ್ಷಿಸಲು ಚೂರೂ ಉಳಿದಿರಲಿಲ್ಲ. ಮಧುಕರ ಮೇಜು ನೋಡುತ್ತ ಹೇಳಿದರು.

"ಎಲ್ಲೋ ಕೈ ಕೊಳಕಾಗಿರಬೇಕು ಅರ್ಪಿತಾ. ಆ ಅಧ್ಯಾಯ ತೆಗೆದುಬಿಡೋಣ."

ಆ ಅಧ್ಯಾಯ ತೆಗೆದರೆ ಪ್ರಬಂಧದಲ್ಲಿ ಉಳಿಯುವುದು ಮುನ್ನುಡಿ ಮತ್ತು ಹಿಂಬದಿಯ ರಟ್ಟು. ಅದಕ್ಕಿಂತ ಹೆಚ್ಚಾಗಿ ಅವಳಿಗೆ ಚುಚ್ಚಿದ್ದು ಆ ಕೈಯ ಮಾತು. ಉಗುರು ಬೆಳೆಯಲು ಬಿಡದವಳು, ಗ್ಲೌಸಿಲ್ಲದೆ ಒಂದು ಕೊಳವೆ ಮುಟ್ಟದವಳು, ಪಕ್ಕದ ಮೇಜಿನವರು ಮುಚ್ಚಳ ತೆರೆದಿಟ್ಟರೆ ಜಗಳಕ್ಕೇ ಹೋಗುತ್ತಿದ್ದವಳು ಅವಳು. ಕೈ ಕೊಳಕು ಎಂದರೆ ಕೆಲಸಗಾರ್ತಿಗೆ ಇನ್ನೇನು ಉಳಿಯಿತು? ಹಲ್ಲು ಕಚ್ಚಿಕೊಂಡು ಹೊರಗೆ ಬಂದಳು. ವಂಶಿಯ ಕಡೆ ತಿರುಗಿಯೂ ನೋಡಲಿಲ್ಲ.

ಮನೆಯಲ್ಲಿ ಸೊಸೆ ಊಟದ ತಟ್ಟೆ ಮುಂದೆ ಸುಮ್ಮನೆ ಕೂತದ್ದೇ ಮುದ್ದಮ್ಮನ ಕಿವಿ ನೆಟ್ಟಗಾಯಿತು. ಜಗಳವಾಡದ ಸೊಸೆಯನ್ನು ಅವಳು ನೋಡಿಯೇ ಇರಲಿಲ್ಲ. ಕೆದಕಿ ಕೆದಕಿ ವಿಷಯ ಹೊರಡಿಸಿದಳು. ಕೇಳಿದ್ದೇ ತಡ ಎದ್ದು ನಿಂತು, ನಿನ್ನ ಕೈಗೆ ಕೊಳಕು ಅಂದವನ ಹೆಸರು ಹೇಳು, ನಾಳೆ ನಾನೇ ಮಂಡ್ಯಕ್ಕೆ ಬರುತ್ತೇನೆ ಎಂದಳು. ಅವಳು ಬರುತ್ತಾಳೆ ಎಂಬುದರಲ್ಲಿ ಯಾರಿಗೂ ಅನುಮಾನವಿರಲಿಲ್ಲ. ತಡೆಯಲು ಅಪ್ಪು ಅರ್ಧ ಗಂಟೆ ಒದ್ದಾಡಿದ.

ಅರ್ಪಿತ ತಾನೇ ಮತ್ತೆ ಮಾಡಿ ತೋರಿಸುತ್ತೇನೆ ಎಂದು ಹೊರಟಳು. ಗಾಜಿನ ತಟ್ಟೆ, ಒದ್ದೆ ಕಾಗದ, ರಿಪೇರಿಯಾದ ಪೆಟ್ಟಿಗೆ, ಅವಳದೇ ಕೈ. ನೇರಳೆ ಬೆಳಕು ಹಾಕಿ ನೋಡಿದರೆ ಒಂದೇ ಗೆರೆ. ಅದುವರೆಗೆ ವಂಶಿಯ ಕೈಗುಣ ಸರಿಯಿಲ್ಲ ಎಂದು ಒಳಗೊಳಗೇ ಬೈದುಕೊಳ್ಳುತ್ತಿದ್ದವಳಿಗೆ ಈಗ ಬೈಯಲು ಯಾರೂ ಸಿಗಲಿಲ್ಲ. ಒಂದು ವೇಳೆ ಸಾರ್ ಹೇಳಿದ್ದೇ ನಿಜವಿರಬಹುದೇ ಎಂಬ ಅನುಮಾನ ಮೊದಲ ಸಲ ಬಂತು. ಅದು ಬಂದ ಮೇಲೆ ಊಟ ರುಚಿಸಲಿಲ್ಲ, ಬಸ್ಸಿನಲ್ಲಿ ಕಂಡಕ್ಟರನನ್ನು ಗದರುವ ಉಮೇದೂ ಹೋಯಿತು. ಅಧ್ಯಾಯ ತೆಗೆಯಲು ಆಷಾಢ ಕಳೆಯುವವರೆಗೆ ಸಮಯ ಕೊಡಿ ಎಂದು ಮಧುಕರರನ್ನು ಕೇಳಿಕೊಂಡಳು. ಅವರು ಕೊಟ್ಟರು.

ಅಷ್ಟರಲ್ಲಿ ನಾಲೆಗೆ ನೀರು ಬಂತು. ಊರೆಲ್ಲ ಸಸಿಮಡಿಗೆ ಅಣಿಯಾಯಿತು. ಅಪ್ಪು ಗದ್ದೆಯಲ್ಲಿ ಕೆಸರು ಹದ ಮಾಡುತ್ತಿದ್ದ. ಮುದ್ದಮ್ಮ ಭತ್ತ ನೆನೆಹಾಕಿ ಗೋಣಿ ಕಟ್ಟಿದ್ದಳು. ಒಂದು ಭಾನುವಾರ ಬೆಳಗ್ಗೆ, ಗೋಣಿ ಬಿಚ್ಚಿ ಮೊಳಕೆ ಬಂದಿದೆಯೋ ನೋಡು ಎಂದು ಸೊಸೆಗೆ ಕೂಗಿ ಹೇಳಿದಳು. ಅರ್ಪಿತ ಮನಸ್ಸಿಲ್ಲದ ಮನಸ್ಸಿನಿಂದ ಕಲ್ಲು ಇಳಿಸಿ, ಹುಲ್ಲು ಸರಿಸಿ, ಗಂಟು ಬಿಚ್ಚಿ ಕೈ ಒಳಗಿಟ್ಟಳು.

ಒಳಗೆ ಸುಡುತ್ತಿತ್ತು. ಕೈ ಹಿಂದಕ್ಕೆ ಎಳೆದುಕೊಳ್ಳುವಷ್ಟು ಕಾವು. ಮೊಳಕೆಯೊಡೆಯುವ ಕಾಳು ಉಸಿರಾಡುತ್ತದೆ, ಉಸಿರಾಡಿದರೆ ಬಿಸಿಯಾಗುತ್ತದೆ, ಗೋಣಿ ಹುಲ್ಲು ಕಲ್ಲು ಸೇರಿ ಆ ಬಿಸಿಯನ್ನು ಹೊರಗೆ ಬಿಡುವುದಿಲ್ಲ. ಇದು ಅವಳಿಗೆ ಹೊಸದೇನಲ್ಲ. ಆತಗೂರಿನಲ್ಲಿ ಲಂಗ ತೊಡುವ ವಯಸ್ಸಿನಲ್ಲೇ ಗೋಣಿಗೆ ಕೈ ಹಾಕಿ ಬೆಚ್ಚಗೆ ಮಾಡಿಕೊಂಡು ಬೈಸಿಕೊಂಡವಳು. ಪುಷ್ಯದಲ್ಲಿ ತಾನು ಕಟ್ಟಿದ ಗೋಣಿಯೂ ಹೀಗೇ ಕಾವು ಹಿಡಿದಿತ್ತು. ವಂಶಿಯ ತಟ್ಟೆಯಲ್ಲಿ ಕಾಳು ತಣ್ಣಗೆ, ಒಂದಕ್ಕೊಂದು ತಾಗದೆ, ಗಾಳಿಯಾಡುತ್ತ ಮಲಗಿತ್ತು. ಈ ವ್ಯತ್ಯಾಸವನ್ನು ಅವಳು ಯಾರಿಗೂ ಹೇಳಿರಲಿಲ್ಲ. ಮುಚ್ಚಿಟ್ಟದ್ದಲ್ಲ, ಹೇಳಬೇಕು ಎಂದು ತೋಚಿರಲೇ ಇಲ್ಲ. ಸಾರಿಗೆ ಉಪ್ಪು ಹಾಕಿದೆ ಎಂದು ಯಾರಾದರೂ ಹೇಳುತ್ತಾರೆಯೇ? ಮೊಳಕೆ ಎಂದ ಮೇಲೆ ಗೋಣಿ, ಹುಲ್ಲು, ಕಲ್ಲು ಇದ್ದೇ ಇರುತ್ತದೆ. ಭತ್ತ ಬೆಳೆದವರೆಲ್ಲ ಹಾಗೇ ಬೆಳೆದವರು.

ಸೊಸೆ ಗೋಣಿಯೊಳಗೆ ಮತ್ತೆ ಕೈಯಿಟ್ಟುಕೊಂಡು ಬೆಪ್ಪಾಗಿ ಕೂತದ್ದು ಕಂಡು ಮುದ್ದಮ್ಮ ಹಿತ್ತಿಲ ಬಾಗಿಲಿನಿಂದಲೇ ಗದರಿದಳು.

"ಏನಮ್ಮಿ, ಗೋಣೀಲಿ ನಿದ್ದೆ ಒಡೀತಿದ್ದೀಯಾ? ತಿರುವಾಕು, ಬೆಂದೋಯ್ತದೆ."

ಅರ್ಪಿತ ಎದ್ದು ಬಂದು ಅತ್ತೆಯನ್ನು ಗಟ್ಟಿಯಾಗಿ ತಬ್ಬಿಕೊಂಡಳು. ಕೈಯಲ್ಲಿ ಒದ್ದೆ ಭತ್ತ ಅಂಟಿತ್ತು. ಮುದ್ದಮ್ಮ ಸೀರೆ ಕೊಡವಿಕೊಳ್ಳುತ್ತ, ಇವಳಿಗೆ ಓದಿ ಓದಿ ತಲೆ ಕೆಟ್ಟಿದೆ ಎಂದು ಹೊಂಬಾಳಮ್ಮನಿಗೆ ಕೇಳುವ ಹಾಗೆ ಹೇಳಿದಳು.

ಸೋಮವಾರ ಬೆಳಗ್ಗೆ ಅವಳು ಮೊದಲು ಹೋದದ್ದು ವಂಶಿಯ ಹತ್ತಿರ. ಒಂದಷ್ಟು ತಟ್ಟೆ ಮಾಮೂಲಿ ತಣ್ಣನೆಯ ಪೆಟ್ಟಿಗೆಯಲ್ಲಿ, ಒಂದಷ್ಟು ತಟ್ಟೆ ಗೋಣಿಯೊಳಗಿನಂಥ ಕಾವಿರುವ ಇನ್ನೊಂದು ಪೆಟ್ಟಿಗೆಯಲ್ಲಿ. ಕಾಳು ಒಂದೇ, ಕಾಗದ ಒಂದೇ, ನೀರು ಒಂದೇ. ಕಾವು ಮಾತ್ರ ಬೇರೆ. ಮೂಲ ಜೀನು ಬೆರೆತಿಲ್ಲ ಎಂಬ ಪರೀಕ್ಷೆ ಪ್ರತಿಯೊಂದಕ್ಕೂ. ಎಲ್ಲವನ್ನೂ ವಂಶಿಯೇ ಮಾಡಬೇಕು, ತಾನು ಒಂದು ಕೊಳವೆಯನ್ನೂ ಮುಟ್ಟುವುದಿಲ್ಲ ಎಂದಳು. ಅವನು ಕಣ್ಣು ಬಿಟ್ಟ.

"ನನ್ನ ಕೈ ಕೊಳಕು ಅಂದಿದಾರಲ್ಲ ವಂಶಿ. ನಿನ್ನ ಕೈಯಲ್ಲೇ ಬರಲಿ."

ಅವನು ಕೆಲಸ ಮಾಡುತ್ತಿದ್ದಷ್ಟು ದಿನವೂ ಅವಳು ಸ್ಟೂಲಿನ ಮೇಲೆ ಕೈ ಕಟ್ಟಿಕೊಂಡು ಕೂತಿದ್ದಳು. ಕೈ ಕಟ್ಟಿ ಕೂರುವುದು ಅವಳ ಜನ್ಮಕ್ಕೆ ಬಂದದ್ದಲ್ಲ, ಬೆರಳು ತುರಿಸುತ್ತಿತ್ತು. ಆದರೂ ಮುಟ್ಟಲಿಲ್ಲ. ಜೆಲ್ಲಿಯನ್ನು ಬೆಳಕಿಗೆ ಇಟ್ಟ ಹೊತ್ತಿನಲ್ಲಿ ಗೋಡೆ ಕಡೆ ಮುಖ ಮಾಡಿ ನಿಂತಳು. ವಂಶಿ ಗೆರೆಗಳನ್ನು ಎರಡೆರಡು ಸಲ ಎಣಿಸಿದ. ಆಮೇಲೆ ಮೆಲ್ಲಗೆ, ಅಕ್ಕ, ಬಂದಿದೆ ಎಂದ.

ತಣ್ಣನೆಯ ತಟ್ಟೆಗಳಲ್ಲಿ ಒಂದು ಗೆರೆ, ಕಾವಿನ ತಟ್ಟೆಗಳಲ್ಲಿ ಎರಡು. ಬೆರಕೆಯ ಪರೀಕ್ಷೆಯಲ್ಲಿ ಏನೂ ಇಲ್ಲ, ಶುದ್ಧ. ಕಾವು ಏರಿದಾಗ ಗಿಡ ಆ ತುಂಡನ್ನು ಬಿಸಾಕದೆ ಉಳಿಸಿಕೊಳ್ಳುತ್ತಿತ್ತು. ಅರ್ಪಿತ ಅತ್ತಳು. ವಂಶಿ ಅದನ್ನು ಸಂತೋಷ ಎಂದುಕೊಂಡು ನೀರು ತಂದುಕೊಟ್ಟ. ಅದರಲ್ಲಿ ಅರ್ಧದಷ್ಟಾದರೂ ಸಿಟ್ಟಿತ್ತು, ಇಷ್ಟು ದಿನ ತನ್ನ ಮೇಲೆ ತನಗೇ ನಂಬಿಕೆ ಹೋಗಿತ್ತಲ್ಲ ಎಂಬ ಸಿಟ್ಟು.

ಮಧುಕರ ದೊಡ್ಡ ಮನುಷ್ಯ. ಚಿತ್ರ ನೋಡಿದ ತಕ್ಷಣ ಎದ್ದು ನಿಂತು, ನಾನು ಆ ಮಾತು ಆಡಬಾರದಿತ್ತು ಎಂದು ವಂಶಿಯ ಎದುರೇ ಹೇಳಿದರು. ಪ್ರಯೋಗವನ್ನು ಬೇರೆ ಬೇರೆ ತಳಿಗಳಲ್ಲಿ ಮಾಡಿಸಿದರು, ಅಲ್ಲೂ ಹಾಗೇ ಬಂತು. ಆದರೆ ಪ್ರಬಂಧ ಬರೆಯುವ ಹೊತ್ತಿಗೆ ಅವರದೊಂದು ಸಲಹೆ ಇತ್ತು. ಗೋಣಿಯ ಕತೆ ಬೇಡ. ಕಾವಿನ ಪರಿಣಾಮ ತಿಳಿಯಬೇಕೆಂದೇ ಮೊದಲಿನಿಂದ ಯೋಚಿಸಿ ಪ್ರಯೋಗ ಮಾಡಿದೆವು ಎಂದು ಬರೆದರೆ ಅಂದವಾಗಿರುತ್ತದೆ. ಹೊರಗಿನಿಂದ ಬರುವ ಪರೀಕ್ಷಕರು ರಾಮಾನುಜ ಅವರು, ಭಾರಿ ಕಟ್ಟುನಿಟ್ಟು. ಮೊದಲ ಮಾದರಿ ಮನೆಯ ಹಿತ್ತಿಲಲ್ಲಿ ಮಾಡಿದ್ದು, ಕಾವು ಎಷ್ಟಿತ್ತೆಂದು ಅಳೆದೂ ಇಲ್ಲ ಎಂದು ತಿಳಿದರೆ ಇಡೀ ಕೆಲಸದ ಮೇಲೇ ಅನುಮಾನಪಟ್ಟು ಪ್ರಬಂಧ ವಾಪಸು ಕಳಿಸಬಹುದು. ಇದು ಸುಳ್ಳು ಹೇಳಿಸುವ ಆಸೆಯಿಂದ ಬಂದ ಮಾತಲ್ಲ, ಅವಳಿಗೆ ತೊಂದರೆಯಾಗಬಾರದು ಎಂಬ ಕಾಳಜಿಯಿಂದ ಬಂದದ್ದು. ಅದು ಅರ್ಪಿತಳಿಗೂ ಗೊತ್ತಾಯಿತು.

ಬಸ್ಸಿನಲ್ಲಿ ಕೂತು ಯೋಚಿಸಿದಳು. ಹಾಗೆ ಬರೆದರೆ ಯಾರಿಗೂ ನಷ್ಟವಿಲ್ಲ, ಯಾರಿಗೂ ತಿಳಿಯುವುದೂ ಇಲ್ಲ. ಆದರೆ ಮೊದಲು ಆ ಗೆರೆ ಕಂಡದ್ದು ತನ್ನ ಕೈಯಲ್ಲಿ, ತನ್ನ ಗೋಣಿಯಲ್ಲಿ. ಕೊಳಕೆಂದು ಅನ್ನಿಸಿಕೊಂಡ ಕೈಯನ್ನು ತಾನೇ ಸೆರಗಿನಡಿ ಮುಚ್ಚಿಟ್ಟರೆ ಅನ್ನಿಸಿಕೊಂಡದ್ದು ನಿಜವಾದ ಹಾಗೆ. ಕೆರಗೋಡು ಬರುವಷ್ಟರಲ್ಲಿ ತೀರ್ಮಾನವಾಗಿತ್ತು. ಪ್ರಬಂಧದಲ್ಲಿ ನಡೆದದ್ದನ್ನು ನಡೆದ ಹಾಗೆ ಬರೆದಳು. ಗೋಣಿ, ಹುಲ್ಲು, ಕಲ್ಲು, ಬೆಚ್ಚಗಿನ ನೀರು, ಕೆರಗೋಡು. ಮಧುಕರ ಓದಿ, ಒಂದು ನಿಟ್ಟುಸಿರು ಬಿಟ್ಟು, ಸಹಿ ಹಾಕಿದರು.

ಮೌಖಿಕ ಪರೀಕ್ಷೆಯ ದಿನ ಮನೆಯವರೂ ಬಂದು ಕೂರಬಹುದು. ಮುದ್ದಮ್ಮ ಮದುವೆಗೆ ಉಡುವ ರೇಷ್ಮೆ ಸೀರೆ ಉಟ್ಟು, ಅಪ್ಪುವಿಗೆ ಇಸ್ತ್ರಿ ಬಟ್ಟೆ ಹಾಕಿಸಿ, ಎರಡನೇ ಸಾಲಿನಲ್ಲಿ ಜಾಗ ಹಿಡಿದಳು. ಮೊದಲನೇ ಸಾಲಿನಲ್ಲೇ ಕೂರುತ್ತಿದ್ದಳು, ಅಪ್ಪು ಬಿಡಲಿಲ್ಲ. ಸೊಸೆ ಮುಂದೆ ನಿಂತು ಇಂಗ್ಲಿಷಿನಲ್ಲಿ ಮಾತಾಡಿದ್ದು ಅವಳಿಗೆ ಒಂದಕ್ಷರ ಅರ್ಥವಾಗಲಿಲ್ಲ. ಆದರೂ ತಡವರಿಸದೆ ಮಾತಾಡುತ್ತಿದ್ದಾಳೆ ಎಂಬುದು ತಿಳಿಯಿತು. ಪರದೆಯ ಮೇಲೆ ಗೆರೆಗಳ ಚಿತ್ರ ಬಂತು, ಆಮೇಲೆ ಅವರ ಮನೆಯ ಹಿತ್ತಿಲಿನ ಗೋಣಿಯ ಚಿತ್ರ ಬಂತು. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಮುದ್ದಮ್ಮ ತಿರುಗಿ ನೋಡಿದಳು, ನಗು ಅಲ್ಲೇ ನಿಂತಿತು.

ರಾಮಾನುಜ ಅವರು ಬಹಳ ಪ್ರಶ್ನೆ ಕೇಳಿದರು. ಉದ್ದನೆಯ ಪ್ರತಿಯಿಂದ ಹುಟ್ಟುವ ಪ್ರೋಟೀನು ಏನು ಮಾಡುತ್ತದೆ ಎಂದಾಗ ಅರ್ಪಿತ, ಅದು ತನಗಿನ್ನೂ ಗೊತ್ತಿಲ್ಲ, ಊಹೆ ಇದೆ, ಸಾಕ್ಷಿ ಇಲ್ಲ ಎಂದಳು. ಅವರು ತಲೆಯಾಡಿಸಿದರು. ಆಮೇಲೆ ಹಾಳೆ ಹಿಂದಕ್ಕೆ ತಿರುಗಿಸಿ ಗೋಣಿಯ ಪುಟಕ್ಕೆ ಬಂದು ನಿಂತರು. ಮಧುಕರ ಕುರ್ಚಿಯಲ್ಲಿ ಮುಂದಕ್ಕೆ ಸರಿದರು. ಇದನ್ನು ಬಿಟ್ಟುಬಿಡಬಹುದಿತ್ತಲ್ಲ, ಉಳಿದ ಪ್ರಯೋಗಗಳೇ ಸಾಕಿತ್ತು, ಯಾಕೆ ಸೇರಿಸಿದಿರಿ ಎಂದು ರಾಮಾನುಜ ಕೇಳಿದರು. ಕೇಳಿದ್ದು ಕನ್ನಡದಲ್ಲಿ.

ಅರ್ಪಿತ ಅವರನ್ನೇ ನೋಡುತ್ತ ಕನ್ನಡದಲ್ಲೇ ಹೇಳಿದಳು.

"ನಡೆದದ್ದು ಹಾಗೇ ಸಾರ್. ಮೊದಲು ಕಂಡದ್ದು ಅಲ್ಲೇ. ಬಿಟ್ಟರೆ ಸುಳ್ಳಾಗುತ್ತಿತ್ತು."

ರಾಮಾನುಜ ಕನ್ನಡಕ ತೆಗೆದು ಒರೆಸಿಕೊಂಡರು. ನಲವತ್ತು ಪುಟ ಓದುವವರೆಗೂ ಅನುಮಾನದಲ್ಲೇ ಇದ್ದೆ, ಈ ಪುಟ ಓದಿದ ಮೇಲೆ ಉಳಿದದ್ದನ್ನೆಲ್ಲ ನಂಬಿದೆ ಎಂದರು. ಆಮೇಲೆ, ಆ ಮೊದಲ ಮೊಳಕೆ ಕಟ್ಟಿದವರ ಹೆಸರು ಇದರಲ್ಲಿಲ್ಲ, ಯಾರು ಕಟ್ಟಿದ್ದು ಎಂದು ಕೇಳಿದರು. ಅರ್ಪಿತಳ ಕಣ್ಣು ಎರಡನೇ ಸಾಲಿಗೆ ಹೋಯಿತು. ತಮ್ಮ ಮನೆಯಲ್ಲಿ ಮೊಳಕೆಯ ಯಜಮಾನಿಕೆ ತನ್ನ ಅತ್ತೆಯದು, ಅವರ ಹೆಸರು ಮುದ್ದಮ್ಮ, ಅಲ್ಲಿ ಕೂತಿದ್ದಾರೆ ಎಂದಳು. ಸಭೆಯೆಲ್ಲ ತಿರುಗಿತು. ಚಪ್ಪಾಳೆ ಶುರುವಾಗುವುದರಲ್ಲಿತ್ತು.

ಮುದ್ದಮ್ಮ ಎದ್ದು ನಿಂತಳು. ಅಪ್ಪು ಸೆರಗು ಹಿಡಿದು ಎಳೆದ. ಅವಳು ಅದಕ್ಕೆ ಸೊಪ್ಪು ಹಾಕಲಿಲ್ಲ.

"ನಾನು ಕಟ್ಟುದ್ದಲ್ಲ ಕಣ್ ಸ್ವಾಮಿ. ಅವ್ಳ ಕೈಯಾರೆ ಅವ್ಳೇ ಕಟ್ಟುದ್ದು. ನಾನು ಪಕ್ದಲ್ಲಿ ನಿಂತ್ಕಂಡು ಬೈತಿದ್ದೆ, ಅಷ್ಟೇಯ. ಅವ್ಳ ಎಸ್ರೇ ಬರ್ಕಳಿ."

ಸಭೆ ಗೊಳ್ಳೆಂದು ನಕ್ಕಿತು. ಮಧುಕರರೂ ನಕ್ಕರು. ನಗದೆ ನಿಂತಿದ್ದವಳು ಅರ್ಪಿತ ಒಬ್ಬಳೇ, ಅವಳಿಗೆ ಪರದೆಯೂ ಕಾಣುತ್ತಿರಲಿಲ್ಲ, ಎದುರಿನವರೂ ಕಾಣುತ್ತಿರಲಿಲ್ಲ. ರಾಮಾನುಜ ಪೆನ್ನಿನ ಮುಚ್ಚಳ ತೆಗೆದು ಆ ಪುಟದ ಅಂಚಿನಲ್ಲಿ ಬರೆದರು. ಬರೆದದ್ದನ್ನು ಮುದ್ದಮ್ಮನಿಗೆ ಕೇಳುವ ಹಾಗೆ ಗಟ್ಟಿಯಾಗಿ ಓದಿದರು.

"ಮೊಳಕೆ ಕಟ್ಟಿದವರು, ಡಾಕ್ಟರ್ ಅರ್ಪಿತ, ಕೆರಗೋಡು. ಸರೀನಾಮ್ಮಾ?"

ಸರಿ ಎಂದು ಹೇಳಿ ಮುದ್ದಮ್ಮ ಕೂತಳು.